ಚಿಟ್ಟಿಲಿಯ ಮಿದುಳು ಎಷ್ಟು ಸಕ್ಕರೆ ಉಣ್ಣುತ್ತದೆ?

ಈ ಚಿತ್ರವನ್ನು ಒಂದು ನಿಮಿಷ ಸುಮ್ಮನೆ ನೋಡಿ. ಇದು ಚಿಟ್ಟಿಲಿಯೊಂದರ ಪೆಟ್ ಸ್ಕ್ಯಾನ್, ಮೈಯೊಳಗೆ ಸಕ್ಕರೆ ಎಲ್ಲೆಲ್ಲಿ ಸೇರಿದೆ ಎಂದು ತೋರಿಸುವ ಚಿತ್ರ. ಮೂತಿ ಎಡಕ್ಕಿದೆ, ಬಾಲ ಬಲಕ್ಕೆ. ಸಕ್ಕರೆ ಹೆಚ್ಚು ಸೇರಿದ ಕಡೆ ಹಳದಿ, ಇನ್ನೂ ಹೆಚ್ಚಿದ್ದರೆ ಬಿಳಿ; ಕಡಿಮೆಯಿರುವ ಕಡೆ ಕಪ್ಪು. ಇದರಲ್ಲಿ ಮಿದುಳು ಎಲ್ಲಿದೆ, ತೋರಿಸುತ್ತೀರಾ?

ಮುಂದಿನ ಸಾಲಿನವರು ತಲೆಯಲ್ಲಿ ಹೊಳೆಯುತ್ತಿರುವ ಎರಡು ಚುಕ್ಕೆಗಳತ್ತ ಕೈ ತೋರಿಸಿದರು. ಹಿಂದಿನಿಂದ ಒಬ್ಬರು ಹೆಗಲುಗಳ ನಡುವಿನ ಆ ದೊಡ್ಡ ಬಿಳಿ ಮಚ್ಚೆ ಎಂದರು. ಚುಕ್ಕೆಗಳು ಕಣ್ಣಿನ ಹಿಂದಿರುವ ಗ್ರಂಥಿಗಳು. ಮಚ್ಚೆ ಕಂದು ಕೊಬ್ಬು. ನಮಗೆ ಬೇಕಾದ ಮಿದುಳು ಅವೆರಡರ ನಡುವೆ ಮಂಕಾಗಿ ಕೂತಿದೆ. ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ ತೆಗೆದ ಚಿತ್ರವಿದು. ಯಂತ್ರ ಸರಿಯಿತ್ತು, ಚುಚ್ಚಿದ ಔಷಧ ಸರಿಯಿತ್ತು, ಲೆಕ್ಕವನ್ನೂ ಮೂರು ಸಲ ನೋಡಿದ್ದೆ. ಇಲಿಗೆ ಚಳಿಯಾಗಿತ್ತು. ಅದನ್ನು ನಾನು ಗಮನಿಸಿರಲಿಲ್ಲ. ಇವತ್ತಿನ ಮಾತು ಗ್ಲೂಕೋಸ್ ಅಳತೆಯ ಬಗ್ಗೆ ನಿಜ, ಆದರೆ ಆ ಚಳಿ ಅಳತೆಯೊಳಗೆ ಹೇಗೆ ನುಸುಳಿತು ಎಂಬುದನ್ನು ಹೇಳುವುದೇ ನನಗೆ ಮುಖ್ಯ.

ಒಂದು ಪದದ ವಿಚಾರ ಮೊದಲೇ ಹೇಳಿಬಿಡುತ್ತೇನೆ. ನಾವು ಕನ್ನಡದಲ್ಲಿ ಮೌಸ್‌ಗೂ ಇಲಿ ಎನ್ನುತ್ತೇವೆ, ರ‍್ಯಾಟ್‌ಗೂ ಇಲಿ ಎನ್ನುತ್ತೇವೆ. ಪ್ರಯೋಗಾಲಯದಲ್ಲಿ ಇವು ಬೇರೆ ಬೇರೆ ಪ್ರಾಣಿಗಳು. ಒಂದು 25 ಗ್ರಾಂ ತೂಗಿದರೆ ಇನ್ನೊಂದು 300 ಗ್ರಾಂ ತೂಗಬಹುದು. ಚಿಕ್ಕದನ್ನು ಚಿಟ್ಟಿಲಿ ಎಂದೂ ದೊಡ್ಡದನ್ನು ದೊಡ್ಡ ಇಲಿ ಎಂದೂ ಕರೆಯುತ್ತೇನೆ. ಬರೀ ಇಲಿ ಎಂದರೆ ಚಿಟ್ಟಿಲಿ ಎಂದುಕೊಳ್ಳಿ.

ನಮ್ಮ ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಸುಮ್ಮನೆ ಕೂತಿದ್ದಾಗಲೂ ಅದು ಖರ್ಚು ಮಾಡುವ ಶಕ್ತಿ ಮಾತ್ರ ದೇಹದ ಒಟ್ಟು ಖರ್ಚಿನ ಐದನೇ ಒಂದು ಪಾಲು. ಈ ಶಕ್ತಿ ಬಹುಪಾಲು ಗ್ಲೂಕೋಸಿನಿಂದ ಬರುತ್ತದೆ. ಮಿದುಳಿನಲ್ಲಿ ಹೇಳಿಕೊಳ್ಳುವಂಥ ದಾಸ್ತಾನು ಇಲ್ಲ. ರಕ್ತ ತಂದಂತೆ ತೆಗೆದುಕೊಂಡು ಉರಿಸಬೇಕು. ಹಾಗಾಗಿ ಮಿದುಳಿನ ಯಾವ ಭಾಗ ಎಷ್ಟು ಗ್ಲೂಕೋಸ್ ಎಳೆದುಕೊಳ್ಳುತ್ತಿದೆ ಎಂದು ತಿಳಿದರೆ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ಊಹಿಸಬಹುದು. ಹಾಗಾದರೆ ಗ್ಲೂಕೋಸಿಗೇ ಒಂದು ಗುರುತು ಅಂಟಿಸಿ ನೋಡಬಾರದೇ ಎಂದು ನೀವು ಕೇಳಬಹುದು. ಅದು ಒಳಗೆ ಹೋದ ಕೆಲವೇ ನಿಮಿಷಗಳಲ್ಲಿ ಉರಿದು ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳತೊಡಗುತ್ತದೆ, ಗುರುತೂ ಅದರ ಜೊತೆಗೇ ಹೋಗುತ್ತದೆ. ಒಲೆಗೆ ಎಷ್ಟು ಸೌದೆ ಬಿತ್ತು ಎಂದು ತಿಳಿಯಲು ಹೊಗೆಯ ಹಿಂದೆ ಓಡಿದ ಹಾಗೆ.

ಈ ಗಂಟನ್ನು ಬಿಡಿಸಿದವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಲೂಯಿ ಸೊಕೊಲಾಫ್ ಮತ್ತು ಅವರ ಜೊತೆಗಾರರು. ಅವರು ಬಳಸಿದ್ದು ಡಿಆಕ್ಸಿಗ್ಲೂಕೋಸ್. ಗ್ಲೂಕೋಸಿನ ಎರಡನೇ ಇಂಗಾಲದ ಮೇಲಿರುವ ಆಕ್ಸಿಜನ್ ಒಂದನ್ನು ತೆಗೆದರೆ ಇದು ಸಿಗುತ್ತದೆ. ಜೀವಕೋಶದ ಬಾಗಿಲಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಒಳಗೆ ಬಿಡುತ್ತದೆ. ಒಳಗಿರುವ ಹೆಕ್ಸೊಕೈನೇಸ್ ಎಂಬ ಕಿಣ್ವಕ್ಕೂ ಗೊತ್ತಾಗುವುದಿಲ್ಲ, ಎಲ್ಲ ಗ್ಲೂಕೋಸಿಗೂ ಮಾಡುವಂತೆ ಇದಕ್ಕೂ ಒಂದು ಫಾಸ್ಫೇಟ್ ಜೋಡಿಸುತ್ತದೆ. ಮುಂದಿನ ಹೆಜ್ಜೆಯ ಕಿಣ್ವಕ್ಕೆ ಮಾತ್ರ ಆ ಎರಡನೇ ಇಂಗಾಲದ ಆಕ್ಸಿಜನ್ ಬೇಕೇ ಬೇಕು. ಅದಿಲ್ಲ. ಮುಂದಕ್ಕೆ ಹೋಗುವಂತಿಲ್ಲ, ಫಾಸ್ಫೇಟ್ ಅಂಟಿರುವುದರಿಂದ ಬಂದ ಬಾಗಿಲಲ್ಲೇ ಹಿಂದಕ್ಕೂ ಹೋಗುವಂತಿಲ್ಲ. ಚಕ್ರವ್ಯೂಹ ಹೊಕ್ಕ ಅಭಿಮನ್ಯುವಿನ ಸ್ಥಿತಿ. ಈ ಹೋಲಿಕೆ ಮಿದುಳಿನಲ್ಲಿ ಹೆಚ್ಚು ಕಡಿಮೆ ಸರಿ. ಯಕೃತ್ತಿನಲ್ಲಿ ಸರಿಯಲ್ಲ, ಏಕೆಂದರೆ ಅಲ್ಲಿ ಫಾಸ್ಫೇಟನ್ನು ಕಿತ್ತು ಹೊರಗೆ ಕಳಿಸುವ ಕಿಣ್ವ ಧಾರಾಳವಾಗಿದೆ. ಮಿದುಳಿನಲ್ಲಿ ಅದು ತೀರ ಅತ್ಯಲ್ಪ.

1977ರಲ್ಲಿ ಪ್ರಕಟವಾದ ಅವರ ವಿಧಾನದಲ್ಲಿ ಗುರುತಾಗಿ ವಿಕಿರಣ ಸೂಸುವ ಇಂಗಾಲ-14 ಇತ್ತು. ದೊಡ್ಡ ಇಲಿಗೆ ಚುಚ್ಚಿ, ಮುಕ್ಕಾಲು ಗಂಟೆ ಬಿಟ್ಟು, ಮಿದುಳನ್ನು ಹೊರತೆಗೆದು ಹೆಪ್ಪುಗಟ್ಟಿಸಿ, ತೆಳುವಾದ ಬಿಲ್ಲೆಗಳಾಗಿ ಕೊಯ್ದು ಎಕ್ಸ್-ರೇ ಫಿಲ್ಮಿನ ಮೇಲೆ ಇಡುತ್ತಿದ್ದರು. ಫಿಲ್ಮ್ ಕಪ್ಪಾದಷ್ಟೂ ಅಲ್ಲಿ ಸಕ್ಕರೆ ಹೆಚ್ಚು. ಕೋತಿಯ ಒಂದು ಕಣ್ಣು ಮುಚ್ಚಿ ಇದೇ ಪ್ರಯೋಗ ಮಾಡಿದಾಗ ದೃಷ್ಟಿಯ ಮಿದುಳಿನಲ್ಲಿ ಕಪ್ಪು-ಬಿಳಿ ಪಟ್ಟೆಗಳೇ ಮೂಡಿದವು: ತೆರೆದ ಕಣ್ಣಿನ ಪಟ್ಟೆ ಕಪ್ಪು, ಮುಚ್ಚಿದ ಕಣ್ಣಿನ ಪಟ್ಟೆ ಬಿಳಿ. ಇಲಿಗಳಲ್ಲಿ ಮೀಸೆಯ ಒಂದೊಂದು ಕೂದಲಿಗೂ ಮಿದುಳಿನ ಎದುರು ಬದಿಯಲ್ಲಿ ಒಂದೊಂದು ಪುಟ್ಟ ಪೀಪಾಯಿಯಂಥ ಜೀವಕೋಶಗಳ ಗುಂಪಿದೆ. ಮೀಸೆ ಅಲ್ಲಾಡಿಸಿದರೆ ಅದರ ಪೀಪಾಯಿ ಫಿಲ್ಮಿನಲ್ಲಿ ಕಪ್ಪಾಗುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ಆ ಮೀಸೆಯ ಚಿತ್ರ ನೋಡಿಯೇ ಈ ದಾರಿಗೆ ಬಂದದ್ದು. ಒಂದೇ ಒಂದು ಕೂದಲು ಅಲುಗಿದ್ದಕ್ಕೆ ಮಿದುಳಿನಲ್ಲಿ ಯಾವ ಕೋಣೆಯ ಒಲೆ ಹೆಚ್ಚು ಉರಿಯಿತು ಎಂದು ಕಣ್ಣಿಗೆ ಕಾಣುವುದೆಂದರೆ ಸಣ್ಣ ಮಾತಲ್ಲ.

ಆದರೆ ಒಂದು ಪ್ರಾಣಿಯಿಂದ ಒಂದೇ ಅಳತೆ. ಅದೇ ಪ್ರಾಣಿಯನ್ನು ತಿಂಗಳು ಬಿಟ್ಟು ಮತ್ತೆ ನೋಡುವಂತಿಲ್ಲ. ಮನುಷ್ಯರಿಗೆ ಈ ವಿಧಾನ ಸಾಧ್ಯವೇ ಇಲ್ಲ. ಬದುಕಿರುವಾಗಲೇ ಹೊರಗಿನಿಂದ ನೋಡಬೇಕಾದರೆ ಚರ್ಮ, ಮೂಳೆ ದಾಟಿ ಬರುವ ಕಿರಣ ಬೇಕು. ಅದಕ್ಕೇ ಫ್ಲೋರಿನ್-18 ಬಂತು. ಡಿಆಕ್ಸಿಗ್ಲೂಕೋಸಿನ ಎರಡನೇ ಇಂಗಾಲಕ್ಕೆ ಫ್ಲೋರಿನ್-18 ಜೋಡಿಸಿದ ವಸ್ತುವೇ ಎಫ್‌ಡಿಜಿ. ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ರೋಗಿಗಳಿಗೆ ಪೆಟ್ ಸ್ಕ್ಯಾನ್ ಎಂದು ಮಾಡಿಸುತ್ತಾರಲ್ಲ, ಬಹುಮಟ್ಟಿಗೆ ಇದನ್ನೇ ಚುಚ್ಚುತ್ತಾರೆ. 1976ರ ಆಗಸ್ಟಿನಲ್ಲಿ ಇದು ಮೊದಲ ಸಲ ಮನುಷ್ಯರಿಗೆ ಹೋಯಿತು. ತಯಾರಾದದ್ದು ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ, ಚುಚ್ಚಿದ್ದು ಫಿಲಡೆಲ್ಫಿಯಾದಲ್ಲಿರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ನಡುವೆ ವಿಮಾನ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಎರಡು ಗಂಟೆ ತಡವಾದರೆ ಕಳಿಸಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿರುತ್ತದೆ.

ಇಲ್ಲಿ ಭೌತಶಾಸ್ತ್ರ ಸ್ವಲ್ಪ ಬೇಕಾಗುತ್ತದೆ. ಫ್ಲೋರಿನ್-18 ಪಾಸಿಟ್ರಾನ್ ಒಂದನ್ನು, ಅಂದರೆ ಧನ ವಿದ್ಯುದಂಶದ ಎಲೆಕ್ಟ್ರಾನನ್ನು, ಹೊರಚಿಮ್ಮುತ್ತದೆ. ಆ ಪಾಸಿಟ್ರಾನ್ ಅರ್ಧ ಮಿಲಿಮೀಟರ್ ಆಸುಪಾಸು ಅಲೆದು ಒಂದು ಎಲೆಕ್ಟ್ರಾನನ್ನು ಸೇರುತ್ತದೆ, ಎರಡೂ ಅಳಿಯುತ್ತವೆ. ಅವುಗಳ ಜಾಗದಲ್ಲಿ ತಲಾ 511 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಎರಡು ಗಾಮಾ ಕಿರಣಗಳು ಹುಟ್ಟಿ ಒಂದಕ್ಕೊಂದು ಬೆನ್ನು ಹಾಕಿ ಓಡುತ್ತವೆ. ಸುತ್ತ ಬಳೆಯಂತೆ ಜೋಡಿಸಿದ ಹರಳುಗಳಲ್ಲಿ ಎದುರುಬದುರಿನ ಎರಡು ಒಂದೇ ಗಳಿಗೆಯಲ್ಲಿ ಮಿನುಗಿದರೆ, ಮೂಲ ಆ ಎರಡನ್ನು ಸೇರಿಸುವ ಗೆರೆಯ ಮೇಲೆ ಎಲ್ಲೋ ಇದೆ ಎಂದರ್ಥ. ಇಂಥ ಲಕ್ಷಾಂತರ ಗೆರೆಗಳನ್ನು ಕೂಡಿಸಿ ಕಂಪ್ಯೂಟರ್ ಚಿತ್ರ ಕಟ್ಟುತ್ತದೆ.

ಮನುಷ್ಯರ ಯಂತ್ರ ನಾಲ್ಕೈದು ಮಿಲಿಮೀಟರಿಗಿಂತ ಸಣ್ಣದನ್ನು ಬಿಡಿಸಿ ತೋರಿಸಲಾರದು. ಮನುಷ್ಯನ ಮಿದುಳಿಗೆ ಅಷ್ಟು ಸಾಕು. ಚಿಟ್ಟಿಲಿಯ ಮಿದುಳು ಎಷ್ಟಿದೆ ಗೊತ್ತೇ? ನನ್ನ ಜೇಬಿನಲ್ಲಿ ಒಂದು ಕಡಲೆಕಾಯಿ ಬೀಜ ತಂದಿದ್ದೇನೆ. ಧಾರವಾಡದ ಕಡೆಯವರಿಗೆ ಶೇಂಗಾ ಬೀಜ. ಕೈಯಿಂದ ಕೈಗೆ ದಾಟಿಸಿ. ಅರ್ಧ ಗ್ರಾಂ ಹತ್ತಿರ ತೂಕ, ಒಂದೂವರೆ ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲ. ಸರಿಸುಮಾರು ಇಷ್ಟೇ. ಈ ಬೀಜದೊಳಗೆ ವಾಸನೆಗೆ ಒಂದು ಭಾಗ, ನೆನಪಿಗೆ ಒಂದು ಭಾಗ, ಮೀಸೆಗೆ ಒಂದು ಭಾಗ, ಭಯಕ್ಕೆ ಒಂದು ಭಾಗ. 1990ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸೈಮನ್ ಚೆರ್ರಿ ಮತ್ತು ಜೊತೆಗಾರರು ಕೇವಲ 2 ಮಿಲಿಮೀಟರ್ ಅಗಲದ ಹರಳುಗಳನ್ನು ಜೋಡಿಸಿ ಮೈಕ್ರೋಪೆಟ್ ಎಂಬ ಯಂತ್ರ ಕಟ್ಟಿದರು. ಇಂದಿನ ಯಂತ್ರಗಳು ಒಂದು, ಒಂದೂವರೆ ಮಿಲಿಮೀಟರಿನವರೆಗೆ ಬಂದಿವೆ. ಪಾಸಿಟ್ರಾನಿನ ಆ ಅರ್ಧ ಮಿಲಿಮೀಟರ್ ಅಲೆದಾಟ ಇರುವುದರಿಂದ ಇನ್ನೂ ಬಹಳ ಕೆಳಗೆ ಹೋಗುವುದು ಕಷ್ಟ. ಹಾಗಾಗಿ ಇಲಿಯ ಮಿದುಳಿನ ಪೆಟ್ ಚಿತ್ರವೆಂದರೆ ನೀರು ಚಿಮುಕಿಸಿದ ಬಣ್ಣದ ರಂಗೋಲಿಯ ಹಾಗೆ. ಒಂದು ಮನೆಯ ಬಣ್ಣ ಪಕ್ಕದ ಮನೆಗೆ ಹರಿದಿರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಕಣ್ಣಿನ ಹಿಂದಿನ ಗ್ರಂಥಿಗಳ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಪ್ರಯೋಗದ ದಿನ ಏನೇನು ನಡೆಯುತ್ತದೆ ನೋಡೋಣ.

ಬೆಳಗ್ಗೆಯೇ ಗೂಡಿನಿಂದ ಆಹಾರ ತೆಗೆಯುತ್ತೇವೆ, ನೀರನ್ನು ಹಾಗೇ ಬಿಡುತ್ತೇವೆ. ನಾಲ್ಕರಿಂದ ಆರು ಗಂಟೆ ಉಪವಾಸ. ಮನುಷ್ಯರಿಗೆ ಮಾಡುವಂತೆ ರಾತ್ರಿಯಿಡೀ ಉಪವಾಸ ಏಕಲ್ಲ? ಇಲಿ ರಾತ್ರಿ ಉಣ್ಣುವ ಪ್ರಾಣಿ. ನಮಗೆ ರಾತ್ರಿ ಉಪವಾಸ ಎಂದರೆ ನಿದ್ದೆ. ಅದಕ್ಕೆ ದಿನದ ಊಟವೇ ತಪ್ಪಿದಂತೆ. ಒಂದು ರಾತ್ರಿಯಲ್ಲಿ ದೇಹತೂಕದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಳ್ಳಬಲ್ಲದು. ಉಪವಾಸ ಬೇಡವೇ ಬೇಡ ಎಂದರೂ ಆಗುವುದಿಲ್ಲ. ರಕ್ತದಲ್ಲಿ ಮಾಮೂಲು ಗ್ಲೂಕೋಸ್ ಹೆಚ್ಚಿದ್ದರೆ ಜೀವಕೋಶದ ಬಾಗಿಲಲ್ಲಿ ನೂಕುನುಗ್ಗಲಾಗುತ್ತದೆ, ಎಫ್‌ಡಿಜಿಗೆ ಜಾಗ ಸಿಗುವುದಿಲ್ಲ. ಮಿದುಳು ಚೆನ್ನಾಗಿಯೇ ಉಂಡಿರುತ್ತದೆ, ಚಿತ್ರದಲ್ಲಿ ಮಾತ್ರ ಹಸಿದಂತೆ ಕಾಣುತ್ತದೆ. ಅದಕ್ಕೇ ಚುಚ್ಚುವ ಮೊದಲು ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು, ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇಟ್ಟುಕೊಳ್ಳುವಂಥದೇ ಮೀಟರಿನಲ್ಲಿ ನೋಡಿ ಬರೆದುಕೊಳ್ಳುತ್ತೇವೆ.

ಚುಚ್ಚುವುದು ಬಾಲದ ರಕ್ತನಾಳಕ್ಕೆ. ಬಾಲದ ಎರಡು ಪಕ್ಕದಲ್ಲೂ ದಾರದೆಳೆಯಷ್ಟು ತೆಳುವಾದ ನೀಲಿ ಗೆರೆ. ಬಾಲವನ್ನು ಬೆಚ್ಚಗಿನ ನೀರಿನಲ್ಲಿ ಒಂದೆರಡು ನಿಮಿಷ ಇಟ್ಟರೆ ಗೆರೆ ಅರಳುತ್ತದೆ. ಸೂಜಿಯನ್ನು ಬಾಲಕ್ಕೆ ಹೆಚ್ಚು ಕಡಿಮೆ ಸಮಾನಾಂತರವಾಗಿ ಹಿಡಿದು ಒಳಗೆ ಸರಿಸಬೇಕು. ಒಳಗಿದ್ದರೆ ತಳ್ಳುವಾಗ ತಡೆಯೇ ಇರುವುದಿಲ್ಲ, ನೀಲಿ ಗೆರೆ ಒಂದು ಕ್ಷಣ ತಿಳಿಯಾಗುತ್ತದೆ. ಹೊರಗಿದ್ದರೆ ಚರ್ಮ ಬೆಳ್ಳಗೆ ಉಬ್ಬುತ್ತದೆ. ಆಗ ಚುಚ್ಚಿದ ಎಫ್‌ಡಿಜಿ ಬಾಲದಲ್ಲೇ ನಿಂತು ನಿಧಾನವಾಗಿ ಸೋರುತ್ತದೆ, ಮಿದುಳಿಗೆ ಎಷ್ಟು ತಲುಪಿತು ಎಂಬ ಲೆಕ್ಕ ಕೈತಪ್ಪುತ್ತದೆ. ಆದ್ದರಿಂದ ಸ್ಕ್ಯಾನಿನಲ್ಲಿ ಬಾಲವನ್ನೂ ಸೇರಿಸಿಕೊಳ್ಳಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಚುಚ್ಚುವ ಮೊದಲೂ ಆಮೇಲೂ ಸಿರಿಂಜಿನಲ್ಲಿರುವ ವಿಕಿರಣವನ್ನು ಅಳೆಯುತ್ತೇವೆ, ಗಡಿಯಾರ ನೋಡಿ ನಿಮಿಷ ಬರೆಯುತ್ತೇವೆ. ಅಳೆಯುವ ಕೋಣೆಯ ಗಡಿಯಾರವೂ ಸ್ಕ್ಯಾನರಿನ ಗಡಿಯಾರವೂ ಐದು ನಿಮಿಷ ಹಿಂದೆ ಮುಂದೆ ಇದ್ದರೆ ಉತ್ತರದಲ್ಲಿ ನೂರಕ್ಕೆ ಮೂರರಷ್ಟು ತಪ್ಪು ಕೂತಿತೆಂದೇ ಲೆಕ್ಕ. ಹೊಸಬರಿಗೆ ನಾನು ಮೊದಲು ಕೊಡುವ ಕೆಲಸ ಗಡಿಯಾರಗಳನ್ನು ಹೊಂದಿಸುವುದು.

ಇನ್ನು ಅರಿವಳಿಕೆ. ಸ್ಕ್ಯಾನರಿನಲ್ಲಿ ಇಲಿ ಅಲುಗಾಡದೆ ಮಲಗಬೇಕು, ಅದಕ್ಕೆ ಅರಿವಳಿಕೆ ಬೇಕು. ಐಸೋಫ್ಲುರೇನ್ ಎಂಬ ಅನಿಲ ಕೊಡುತ್ತೇವೆ. ಅದು ಮಿದುಳಿನ ಕೆಲಸವನ್ನೇ ತಗ್ಗಿಸುತ್ತದೆ. ಅದರ ಬದಲು ಕೀಟಮಿನ್ ಮತ್ತು ಜೈಲಜೀನ್ ಎಂಬ ಮದ್ದುಗಳನ್ನು ಬೆರೆಸಿ ಕೊಟ್ಟರೆ ಜೈಲಜೀನ್ ಇನ್ಸುಲಿನ್ನನ್ನು ತಡೆದು ರಕ್ತದ ಸಕ್ಕರೆಯನ್ನು ಏರಿಸಿಬಿಡುತ್ತದೆ. ಮಿದುಳಿನ ದುಡಿಮೆ ಅಳೆಯಲು ಹೊರಟು ಅದನ್ನು ಮಲಗಿಸಿದರೆ ಏನನ್ನು ಅಳೆದ ಹಾಗಾಯಿತು?

ಇಲ್ಲಿ ನಮ್ಮನ್ನು ಕಾಯುವುದು ಅಭಿಮನ್ಯುವೇ. ಒಳಗೆ ಹೋದ ಎಫ್‌ಡಿಜಿ ಒಳಗೇ ಉಳಿಯುತ್ತದಷ್ಟೆ? ಹಾಗಾದರೆ ಚುಚ್ಚುವಾಗ ಇಲಿ ಎಚ್ಚರವಾಗಿರಲಿ. ಚುಚ್ಚಿದ ಮೇಲೆ 45 ನಿಮಿಷ ತನ್ನ ಗೂಡಿನಲ್ಲಿ ಓಡಾಡಿಕೊಂಡಿರಲಿ. ಆಮೇಲೆ ಅರಿವಳಿಕೆ ಕೊಟ್ಟು ಹತ್ತು ಹದಿನೈದು ನಿಮಿಷ ಸ್ಕ್ಯಾನ್ ಮಾಡಿದರೆ ಮೂಡುವುದು ಬಹುಪಾಲು ಆ 45 ನಿಮಿಷದ ಚಿತ್ರ. ಅದರಲ್ಲೂ ಮೊದಲ ಭಾಗದ್ದು, ಏಕೆಂದರೆ ರಕ್ತದಲ್ಲಿ ಎಫ್‌ಡಿಜಿ ಹೆಚ್ಚಿರುವುದು ಆಗಲೇ. ಇಲಿ ಮಲಗಿರುವಾಗ ತೆಗೆದದ್ದಾದರೂ ಅದು ಎದ್ದು ಓಡಾಡಿದ್ದರ ದಾಖಲೆ. ಈ ಒಂದು ಗುಣಕ್ಕಾಗಿ ಎಫ್‌ಡಿಜಿಯ ಉಳಿದೆಲ್ಲ ತೊಂದರೆಗಳನ್ನು ಸಹಿಸಬಹುದು ಎನ್ನಿಸುತ್ತದೆ ನನಗೆ.

ಆದರೆ ಆ 45 ನಿಮಿಷ ಇಲಿಗೆ ಏನೇನಾಯಿತೋ ಎಲ್ಲವೂ ಚಿತ್ರದೊಳಗೆ ಬರುತ್ತದೆ. ಹೊಸ ವಾಸನೆ, ಬಾಗಿಲು ಬಡಿದ ಸದ್ದು, ಹಿಡಿದ ಕೈಯ ಒರಟುತನ. ಮತ್ತೆ ಚಳಿ.

ನಮಗೆ ಹಿತವಾದ 20-22 ಡಿಗ್ರಿಯ ಕೋಣೆ ಇಲಿಗೆ ತಣ್ಣಗಿನ ಕೋಣೆ. ಅದಕ್ಕೆ ಹಿತವಾದದ್ದು 30 ಡಿಗ್ರಿಯ ಹತ್ತಿರ. ಗೂಡಿನಲ್ಲಿ ನಾಲ್ಕೈದು ಇಲಿ ಒತ್ತಿಕೊಂಡು, ಹತ್ತಿ ಹರಿದು ಹಾಸಿಕೊಂಡು ನಿಭಾಯಿಸುತ್ತವೆ. ಒಂಟಿಯಾಗಿ ಹೊರತೆಗೆದು ಬರಿ ಪೆಟ್ಟಿಗೆಯಲ್ಲಿ ಬಿಟ್ಟರೆ ಮೈ ಬೆಚ್ಚಗಿಡಲು ಕಂದು ಕೊಬ್ಬನ್ನು ಉರಿಸತೊಡಗುತ್ತವೆ. ಕಂದು ಕೊಬ್ಬಿನ ಕೆಲಸವೇ ಅದು. ಉರಿಸಲು ಸಕ್ಕರೆಯನ್ನೂ ಎಳೆದುಕೊಳ್ಳುತ್ತದೆ, ಅದರ ಜೊತೆ ಎಫ್‌ಡಿಜಿಯನ್ನೂ. ಲಾಸ್ ಏಂಜಲೀಸ್‌ನ ಸಂಶೋಧಕರು 2006ರಲ್ಲಿ ಇಲಿಗಳನ್ನು ಬೆಚ್ಚಗಿಟ್ಟು, ಇಡದೆ, ಉಣ್ಣಿಸಿ, ಉಣ್ಣಿಸದೆ, ಅರಿವಳಿಕೆ ಕೊಟ್ಟು, ಕೊಡದೆ ಹೋಲಿಸಿ ತೋರಿಸಿದರು. ಅವರು ನೋಡುತ್ತಿದ್ದದ್ದು ಕ್ಯಾನ್ಸರ್ ಗೆಡ್ಡೆಗಳನ್ನು, ಮಿದುಳನ್ನಲ್ಲ. ಬೆಚ್ಚಗಿಟ್ಟಾಗ ಕಂದು ಕೊಬ್ಬಿನ ಹೊಳಪು ಇಳಿದು ಗೆಡ್ಡೆ ಎದ್ದು ಕಂಡಿತು. ನಾನು ಇದನ್ನು ಓದಿದ್ದು ನೀವು ಈಗ ನೋಡಿದ ಚಿತ್ರ ತೆಗೆದ ಮೇಲೆ.

ಚಳಿಯಿಂದ ಕೊಬ್ಬು ಹೊಳೆದರೆ ಮಿದುಳಿಗೇನು ಎಂದು ಕೇಳಬಹುದು. ಅದು ಲೆಕ್ಕದ ದಾರಿಯಲ್ಲಿ ಬರುತ್ತದೆ. ಅಳತೆಗೆ ನಾವು ಹೆಚ್ಚಾಗಿ ಬಳಸುವುದು ಎಸ್‌ಯುವಿ ಎಂಬ ಒಂದು ಅನುಪಾತ. ಪಂಕ್ತಿಯ ಊಟದಂತೆ ಯೋಚಿಸಿ. ತಂದ ಪಾಯಸವನ್ನು ದೇಹದ ಪ್ರತಿ ಗ್ರಾಮಿಗೂ ಸಮನಾಗಿ ಬಡಿಸಿದ್ದರೆ ಎಲ್ಲರ ಎಲೆಗೂ 1 ಪಾಲು. ಮಿದುಳಿನ ಎಲೆಯಲ್ಲಿ 2 ಇದ್ದರೆ ಸರಾಸರಿಗಿಂತ ಎರಡು ಪಟ್ಟು ತೆಗೆದುಕೊಂಡಿತು ಎಂದರ್ಥ. ತಂದ ಪಾಯಸ ಇಷ್ಟೇ. ಕಂದು ಕೊಬ್ಬು ಮೂರು ಸಲ ಬಡಿಸಿಕೊಂಡರೆ ಮಿದುಳಿನ ಪಾಲಿಗೆ ಬರುವುದು ಕಡಿಮೆ. ಮಿದುಳಿನ ಹಸಿವು ಒಂದಿಷ್ಟೂ ಬದಲಾಗಿಲ್ಲ, ಅಂಕಿ ಮಾತ್ರ ಇಳಿಯಿತು. ಒಂದು ಗುಂಪಿನ ಇಲಿಗಳನ್ನು ಬೆಳಗ್ಗೆ ತಣ್ಣಗಿದ್ದಾಗಲೂ ಇನ್ನೊಂದನ್ನು ಮಧ್ಯಾಹ್ನ ಬಿಸಿಲೇರಿದ ಮೇಲೂ ಸ್ಕ್ಯಾನ್ ಮಾಡಿದರೆ ಎರಡು ಗುಂಪಿನ ಮಿದುಳಿನಲ್ಲಿ ವ್ಯತ್ಯಾಸ ಸಿಕ್ಕಿತು ಎಂದು ಸಂಭ್ರಮದಿಂದ ಬರೆಯುವ ಅಪಾಯವಿದೆ. ನಾನು ಬರೆಯುವ ಅಂಚಿಗೆ ಹೋಗಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ಕೋಣೆಯ ಉಷ್ಣತೆ ಎಲ್ಲಿ ಬರೆದಿದ್ದೀಯ ಎಂದು ಕೇಳಿದರು. ಎಲ್ಲೂ ಬರೆದಿರಲಿಲ್ಲ. ಆ ಇಡೀ ಸರಣಿಯನ್ನು ಕೈಬಿಟ್ಟೆವು. ಆ ಇಲಿಗಳ ನೆನಪು ನನಗೆ ಈಗಲೂ ಭಾರ.

ಅನುಪಾತ ಬೇಡ, ಮಿದುಳಿನ ನೂರು ಗ್ರಾಮಿಗೆ ನಿಮಿಷಕ್ಕೆ ಎಷ್ಟು ಮೈಕ್ರೋಮೋಲ್ ಗ್ಲೂಕೋಸ್ ಎಂಬ ನಿಜವಾದ ವೇಗವೇ ಬೇಕು ಎಂದರೆ ಸೊಕೊಲಾಫರ ಸಮೀಕರಣಕ್ಕೆ ಹೋಗಬೇಕು. ಅದಕ್ಕೆ ರಕ್ತದಲ್ಲಿ ಎಫ್‌ಡಿಜಿ ಕ್ಷಣಕ್ಷಣಕ್ಕೆ ಎಷ್ಟಿತ್ತು ಎಂಬ ಲೆಕ್ಕ ಬೇಕು. 25 ಗ್ರಾಂ ಇಲಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿ ಎರಡು ಮಿಲಿಲೀಟರಿಗೂ ಕಡಿಮೆ. ಚಹಾ ಚಮಚದ ಅರ್ಧವೂ ತುಂಬುವುದಿಲ್ಲ. ಒಂದು ಸಲಕ್ಕೆ 20 ಮೈಕ್ರೋಲೀಟರಿನಂತೆ 20 ಸಲ ತೆಗೆದರೆ ಐದನೇ ಒಂದು ಪಾಲು ರಕ್ತ ಹೋಯಿತು. ಅಲ್ಲಿಗೆ ನೀವು ಅಳೆಯುತ್ತಿರುವುದು ರಕ್ತಹೀನ ಇಲಿಯನ್ನು. ಹೃದಯದ ಎಡ ಕೋಣೆಯನ್ನು ಚಿತ್ರದಲ್ಲೇ ಗುರುತಿಸಿ ಅಲ್ಲಿಂದ ರಕ್ತದ ಲೆಕ್ಕ ತೆಗೆಯುವುದು ಇನ್ನೊಂದು ದಾರಿ. ನಿಮಿಷಕ್ಕೆ ಐನೂರು ಸಲ ಬಡಿಯುವ ಪುಟ್ಟ ಹೃದಯ, ಅದರ ಗೋಡೆಯೂ ಸಕ್ಕರೆ ಉಣ್ಣುತ್ತದೆ. ರಂಗೋಲಿಯ ಬಣ್ಣ ಅಲ್ಲೂ ಹರಿಯುತ್ತದೆ. ಅದರ ಮೇಲೆ, ಎಫ್‌ಡಿಜಿಯೂ ಗ್ಲೂಕೋಸೂ ಒಂದೇ ವೇಗದಲ್ಲಿ ಒಳಸೇರುವುದಿಲ್ಲವಾದ್ದರಿಂದ ಒಂದು ತಿದ್ದುಪಡಿ ಅಂಕಿ ಬೇಕು. ದೊಡ್ಡ ಇಲಿಯಲ್ಲಿ ಡಿಆಕ್ಸಿಗ್ಲೂಕೋಸಿಗೆ ಸೊಕೊಲಾಫ್ ಕಂಡುಕೊಂಡದ್ದು ಸುಮಾರು 0.48. ಇದು ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ, ರಕ್ತದ ಸಕ್ಕರೆ ತೀರ ಇಳಿದಾಗಲೂ ಬದಲಾಗುತ್ತದೆ. ಇನ್ನೊಂದು ಪ್ರಾಣಿಯಿಂದ ಎರವಲು ತಂದ ಅಂಕಿ ಹಾಕಿ ಮೂರು ದಶಮಾಂಶದವರೆಗೆ ಉತ್ತರ ಕೊಟ್ಟ ಪ್ರಬಂಧಗಳನ್ನು ಓದುವಾಗ ಎಚ್ಚರವಿರಲಿ.

ಅಂಕಿ ಸರಿಯಾಗಿಯೇ ಸಿಕ್ಕಿತೆನ್ನಿ. ಅದು ಯಾರ ಹಸಿವು? ನರಕೋಶದ್ದು ಎಂದು ಬಹುಕಾಲ ಸಲೀಸಾಗಿ ಹೇಳುತ್ತಿದ್ದೆವು. ಮಿದುಳಿನಲ್ಲಿ ನರಕೋಶಗಳ ಜೊತೆ ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಕೋಶಗಳಿವೆ, ಮೈಕ್ರೋಗ್ಲಿಯ ಎಂಬ ಕಾವಲು ಕೋಶಗಳೂ ಇವೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೊಡ್ಡ ಇಲಿಗಳಿಗೆ ಸೆಫ್ಟ್ರಿಯಾಕ್ಸೋನ್ ಕೊಟ್ಟರು. ಜ್ವರಕ್ಕೆ, ಸೋಂಕಿಗೆ ಆಸ್ಪತ್ರೆಯಲ್ಲಿ ಕೊಡುವ ಅದೇ ಆಂಟಿಬಯೋಟಿಕ್; ಆಸ್ಟ್ರೋಸೈಟ್‌ಗಳು ಗ್ಲುಟಮೇಟ್ ಎಂಬ ನರಸಂದೇಶದ ರಾಸಾಯನಿಕವನ್ನು ಹೀರಿಕೊಳ್ಳುವುದನ್ನು ಅದು ಚುರುಕುಗೊಳಿಸುತ್ತದೆ. ಪೆಟ್ ಚಿತ್ರದಲ್ಲಿ ಹೊಳಪು ಹೆಚ್ಚಿತು. 2021ರಲ್ಲಿ ಇನ್ನೊಂದು ತಂಡ ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆಯ ಮಾದರಿಯಾಗಿ ಬೆಳೆಸಿದ ಚಿಟ್ಟಿಲಿಗಳ ಮಿದುಳಿನ ಕೋಶಗಳನ್ನು ಬೇರ್ಪಡಿಸಿ ಅವುಗಳಲ್ಲಿನ ವಿಕಿರಣವನ್ನು ಅಳೆದಾಗ, ಕೆರಳಿದ ಮೈಕ್ರೋಗ್ಲಿಯಗಳೇ ಎಫ್‌ಡಿಜಿಯ ದೊಡ್ಡ ಪಾಲನ್ನು ಎಳೆದುಕೊಂಡಿರುವುದು ಕಂಡಿತು.

ಒಂದು ಹಳೆಯ ಗೊಂದಲ ಇದರಿಂದ ಸ್ವಲ್ಪ ತಿಳಿಯಾಗುತ್ತದೆ. ಮನುಷ್ಯರಲ್ಲಿ ಆಲ್‌ಝೈಮರ್ ಬಂದರೆ ಮಿದುಳಿನ ಕೆಲವು ಭಾಗಗಳಲ್ಲಿ ಎಫ್‌ಡಿಜಿ ಇಳಿಯುತ್ತದೆ. ಆಲ್‌ಝೈಮರ್ ಮಾದರಿಯ ಇಲಿಗಳಲ್ಲಿ ಮಾತ್ರ ಕೆಲವರಿಗೆ ಇಳಿಕೆ ಸಿಕ್ಕಿದೆ, ಕೆಲವರಿಗೆ ಏರಿಕೆ ಸಿಕ್ಕಿದೆ. ಒಬ್ಬರು ಅರಿವಳಿಕೆಯಲ್ಲಿ ಚುಚ್ಚಿರುತ್ತಾರೆ, ಇನ್ನೊಬ್ಬರು ಎಚ್ಚರದಲ್ಲಿ. ಒಬ್ಬರ ಕೋಣೆ ಬೆಚ್ಚಗೆ, ಇನ್ನೊಬ್ಬರದು ತಣ್ಣಗೆ. ಇಲಿಯ ವಯಸ್ಸು ಬೇರೆ. ಅದರ ಮೇಲೆ ನರಕೋಶ ಸೋಲುತ್ತಿರುವಾಗಲೇ ಕಾವಲು ಕೋಶ ಕೆರಳಿ ಉಣ್ಣುತ್ತಿರುತ್ತದೆ. ಒಂದು ಇಳಿತ, ಒಂದು ಏರಿಕೆ ಕೂಡಿ ಚಿತ್ರದಲ್ಲಿ ಏನೂ ಬದಲಾಗದಂತೆ ಕಾಣಲೂಬಹುದು. ಈ ಇಲಿಗಳಲ್ಲಿ ಮದ್ದು ಪರೀಕ್ಷಿಸಿ ಹೊಳಪು ಹೆಚ್ಚಿತು, ಆದ್ದರಿಂದ ಮಿದುಳು ಸುಧಾರಿಸಿತು ಎಂದು ಬರೆಯುವುದನ್ನು ಕಂಡರೆ ನನಗೆ ಕಳವಳವಾಗುತ್ತದೆ. ಆ ಮಾತನ್ನು ನಂಬಿಕೊಂಡು ಕಾಯುವ ಮನೆಗಳಿವೆ.

ಕಣ್ಣಿನ ಹಿಂದಿನ ಆ ಎರಡು ಚುಕ್ಕೆಗಳ ವಿಷಯ ಬಾಕಿಯಿದೆ. ಅವು ಹಾರ್ಡೀರಿಯನ್ ಗ್ರಂಥಿಗಳು. ಕಣ್ಣನ್ನು ಜಿಡ್ಡಾಗಿ, ಒದ್ದೆಯಾಗಿ ಇಡುವ ರಸ ಅಲ್ಲಿ ಒಸರುತ್ತದೆ. ಆ ರಸದಲ್ಲಿ ಕೆಂಪು ಬಣ್ಣದ ಪಾರ್ಫಿರಿನ್ ಇದೆ. ದೊಡ್ಡ ಇಲಿಗಳು ಕಾಯಿಲೆಯಲ್ಲೋ ಭಯದಲ್ಲೋ ಇದ್ದಾಗ ಕಣ್ಣಂಚಿನಲ್ಲಿ ರಕ್ತದಂತೆ ಕೆಂಪಗೆ ಕಟ್ಟಿಕೊಳ್ಳುವುದು ಇದೇ. ಗೂಡು ಶುಚಿ ಮಾಡುವವರು ಬೆಳಗ್ಗೆ ಮೊದಲು ನೋಡುವುದು ಅದನ್ನು. ಎಷ್ಟೋ ಸಲ ನಮಗಿಂತ ಮೊದಲು ಅವರಿಗೇ ಇಲಿಯ ಸ್ಥಿತಿ ತಿಳಿದಿರುತ್ತದೆ. ಈ ಗ್ರಂಥಿಗಳು ಎಫ್‌ಡಿಜಿಯನ್ನು ಬಲವಾಗಿ ಹಿಡಿದುಕೊಳ್ಳುತ್ತವೆ. ಮಿದುಳಿನ ಮುಂಭಾಗಕ್ಕೆ ಅಂಟಿಕೊಂಡಂತೆಯೇ ಇರುವುದರಿಂದ ಅವುಗಳ ಹೊಳಪು ವಾಸನೆಯ ಭಾಗದ ಮೇಲೂ ಮುಂಮಿದುಳಿನ ಮೇಲೂ ಹರಿಯುತ್ತದೆ.

ಕೊನೆಯ ಚಿತ್ರ ಇದು. ಬೇರೆ ಇಲಿ, ಅದೇ ತಳಿ, ಅದೇ ಯಂತ್ರ. ಉಪವಾಸ ಐದು ಗಂಟೆ. ಚುಚ್ಚುವುದಕ್ಕೆ ಒಂದು ಗಂಟೆ ಮೊದಲಿನಿಂದ 30 ಡಿಗ್ರಿಯ ಪೆಟ್ಟಿಗೆಯಲ್ಲಿ, ತನ್ನದೇ ಗೂಡಿನ ಹತ್ತಿಯ ಜೊತೆ ಇತ್ತು. ಅದಕ್ಕೂ ಮೊದಲು ಒಂದು ವಾರ ದಿನಾ ಕೈಯಲ್ಲಿ ಎತ್ತಿಕೊಂಡು ಅಭ್ಯಾಸ ಮಾಡಿಸಿದ್ದೆವು. ಹೆಗಲ ನಡುವೆ ನೋಡಿ, ಕತ್ತಲೆ. ಮಿದುಳು ಪೂರ್ತಿ ಕಾಣುತ್ತಿದೆ, ನಡುವೆ ಥಲಾಮಸ್ ಎಂಬ ಭಾಗ ಕೂಡ ಬೇರೆಯಾಗಿ ಗೊತ್ತಾಗುತ್ತದೆ. ಆ ಎರಡು ಚುಕ್ಕೆ ಹಾಗೇ ಇವೆ. ಬೆಚ್ಚಗಿಟ್ಟರೆ ಅವು ಹೋಗುವುದಿಲ್ಲ. ಮುಂದಿನ ಈ ಬಿಳಿ ಗೆರೆ ಹಾಕಿದ್ದೇವಲ್ಲ, ಅದರಿಂದ ಮೂತಿಯ ಕಡೆಗಿರುವ ಯಾವ ಅಂಕಿಯನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.